ಮುಚ್ಚದ ಕಣ್ಣುಗಳ ಮುಂದೆ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ದೀಪ ಹಾಕಿಲ್ಲ. ಕಿಟಕಿಯ ಪಕ್ಕದ ಮೇಜಿನ ಮೇಲಿರುವ ತಟ್ಟೆಯಿಂದ ಆಕೆ ಬಿಳಿ ಬಟ್ಟೆ ಸರಿಸುತ್ತಾರೆ. ಮೂವತ್ತೇಳು ಕಣ್ಣುಗಳು ಆಕೆಯನ್ನೇ ನೋಡುತ್ತವೆ. ಹೆಚ್ಚಿನವು ಕಂದು, ಒಂದು ಮಾತ್ರ ಬೂದು. ಬೆಳಕು ಏರಿದಂತೆ ಅವು ಒಂದೊಂದಾಗಿ ಎಚ್ಚರಗೊಳ್ಳುತ್ತಿರುವಂತೆ ಹೊಳೆಯುತ್ತವೆ. ಆಕೆ ಅವುಗಳ ಎದುರೇ ಮೊಣಕಾಲೂರಿ ಪ್ರಾರ್ಥಿಸುತ್ತಾರೆ.

ಎಲ್ಲರೂ ಇವರನ್ನು ಕರೆಯುವುದು ಕಣ್ಣಕ್ಕ ಎಂದು. ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡುವುದು ಇವರ ಕೆಲಸ. ತಟ್ಟೆಯಲ್ಲಿರುವವು ತೀರಿಹೋದವರವು, ಎಸೆಯಲು ಮನಸ್ಸಾಗದೆ ಮನೆಯವರು ತಂದುಕೊಟ್ಟವು. ಎಸೆಯಲು ಕಣ್ಣಕ್ಕನಿಗೂ ಕೈ ಬಂದಿಲ್ಲ.

ಇಲ್ಲಿಗೆ ನೆಲ ಒರೆಸಲು ಬಂದವರು ಇವರು. ಕಣ್ಣು ಮಾಡುತ್ತಿದ್ದ ಮೇಷ್ಟ್ರು ಕೈ ನಡುಗತೊಡಗಿದಾಗ ಕುಂಚವನ್ನು ಇವರಿಗೆ ಕೊಟ್ಟು, ತಮ್ಮದೇ ಹಾಳಾದ ಕಣ್ಣಿನ ಜಾಗಕ್ಕೆ ಮೊದಲ ಕಣ್ಣು ಮಾಡಿಸಿಕೊಂಡರು. ಆ ಬೂದು ಕಣ್ಣು ಅವರದೇ. ಅಲ್ಲಿಂದೀಚೆಗೆ ಇಪ್ಪತ್ತೆರಡು ವರ್ಷ, ವಾರಕ್ಕೆ ಎರಡು ಕಣ್ಣು. ಸರ್ಟಿಫಿಕೇಟ್ ಇಲ್ಲ. “ಬಾಗಿಲು ತಟ್ಟಿದ್ರೆ ಎದೆ ಧಸಕ್ ಅನ್ನೋದು. ‘ಏಳಮ್ಮ, ನಿನ್ನ ಪೊರಕೆ ಎಲ್ಲಿ?’ ಅಂತಾರೇನೋ ಅಂತ.”

ಅದಕ್ಕಿಂತ ಆಳದ ಅಂಜಿಕೆ ಬೇರೆ. “ಯೇಸು ಮಣ್ಣು ಕಲಸಿ ಹಚ್ಚಿದ, ಕುರುಡನಿಗೆ ಕಣ್ಣು ಬಂತು. ನಾನೂ ಕಲಸ್ತೀನಿ, ಹಚ್ತೀನಿ. ಏನು ಕಾಣುತ್ತೆ? ಮಣ್ಣಂಗಟ್ಟಿ! ಮೋಸಗಾತಿ ನಾನು ಅನ್ನಿಸೋದು.”

ಆಗೆಲ್ಲ ಪ್ರಾರ್ಥನೆಗೆ ಮುಂಚೆ ತಟ್ಟೆಗೆ ಬಟ್ಟೆ ಹೊದಿಸುತ್ತಿದ್ದರು. ಈಗ ತೆಗೆಯುತ್ತಾರೆ. “ದೇವರಿಗೆ ಗೊತ್ತಿರೋದನ್ನ ಇವುಗಳಿಂದ ಮುಚ್ಚಿಡೋದೇನು? ‘ನೋಟ ಕೊಡೋದು ನಿಂದು, ಹಳ್ಳ ತುಂಬೋದು ನಂದು, ಇವತ್ತೊಂದಿನ ಕೈ ಹಿಡಿ’ ಅಂತೀನಿ. ಅನುಮಾನ ಹೋಗಲ್ಲ, ಪಕ್ಕದಲ್ಲೇ ಕೂತಿರುತ್ತೆ. ಕುಂಚ ಮಾತ್ರ ಮುಟ್ಟಲ್ಲ.”

ಇಂದು ಒಬ್ಬ ಬಡಗಿ ಬರುತ್ತಾನೆ. ಸಿಡಿದ ಮೊಳೆ ಎಡಗಣ್ಣು ತೆಗೆದಿದೆ. ನಾಲ್ಕು ವರ್ಷದ ಮಗಳು ಐದು ತಿಂಗಳಿಂದ ಅವನ ತೊಡೆ ಹತ್ತಿಲ್ಲ. ಅವನಿಗೆ ಕಣ್ಣು ಮಾಡುವಲ್ಲಿ ಕಣ್ಣಕ್ಕ ಎರಡು ಬಾರಿ ಸೋತಿದ್ದಾರೆ. ಮೊದಲ ಸಲ, ಟ್ಯೂಬ್‌ಲೈಟಿನಲ್ಲಿ ಒಂದೇ ಆಗಿದ್ದ ಎರಡೂ ಕಣ್ಣುಗಳ ಕಂದು ಬಣ್ಣ ಬಿಸಿಲಿಗೆ ಬಂದೊಡನೆ ಬೇರೆಯಾಯಿತು. ಎರಡನೆಯದರ ಪಾಪೆಯನ್ನು ಮಬ್ಬುಗತ್ತಲಲ್ಲಿ, ಅವನ ಬಲಗಣ್ಣಿನ ಪಾಪೆ ಹಿಗ್ಗಿದ್ದಾಗ, ಅಳೆದಿದ್ದರು. ಹಗಲಿನಲ್ಲಿ ಆ ಕಣ್ಣು ಏನನ್ನೋ ಕಂಡು ಹೆದರಿದಂತಿತ್ತು. ಮಗು ಕಿರುಚಿ ಓಡಿತ್ತು. “ಇದೂ ಆಗ್ಲಿಲ್ಲ ಅಂದ್ರೆ ಬಿಡಿ ಅಕ್ಕ, ಪಟ್ಟಿ ಕಟ್ಕೋತೀನಿ” ಎಂದಿದ್ದಾನೆ ಬಡಗಿ.

ಮೂರನೆಯದಕ್ಕೆ ಬಣ್ಣ ಹಾಕಿದ್ದು ಬೆಳಗಿನ ಬೆಳಕಿನಲ್ಲಿ ಮಾತ್ರ. ಕೆಂಪು ರೇಷ್ಮೆಯ ಎಳೆಗಳನ್ನು ಉಸಿರು ಬಿಗಿಹಿಡಿದು ಕೂರಿಸಿ ನರಗಳನ್ನು ಮೂಡಿಸಿದ್ದಾರೆ.

ಒಂಬತ್ತಕ್ಕೆ ಕಣ್ಣು ಕೂರುತ್ತದೆ. ಅಮ್ಮನ ಹಿಂದಿನಿಂದ ಮಗು ಇಣುಕುತ್ತದೆ. ಬಡಗಿ ಅತ್ತ ತಿರುಗುತ್ತಾನೆ; ಬಲಗಣ್ಣು ಮೊದಲು, ಎಡಗಣ್ಣು ಕೊಂಚ ತಡವಾಗಿ. ಮಗು ಒಂದೊಂದೇ ಹೆಜ್ಜೆ ಬಂದು, ಎರಡನ್ನೂ ಬಹಳ ಹೊತ್ತು ನೋಡಿ, ಬಲಗಣ್ಣಿಗೆ ಬೆರಳು ತೋರಿಸುತ್ತದೆ.

“ಅಪ್ಪಾ, ಹೊಸದು ಚೆನ್ನಾಗಿಲ್ಲ. ಸೋರ್ತಿದೆ.”

“ಅಯ್ಯೋ ನನ್ ಕಂದಾ, ಅದು ಹಳೇದು ಕಣೇ!” ಎಂದು ತಾಯಿ ನಗುತ್ತಾಳೆ, ಅಳುತ್ತಾಳೆ. ಮಗು ಆಗಲೇ ತೊಡೆ ಹತ್ತಿ ಅಂಗೈಯಿಂದ ಒರೆಸುತ್ತಿದೆ.

ಅವರು ಹೋದ ಮೇಲೆ ಕಣ್ಣಕ್ಕ ಕುಂಚ ತೊಳೆಯುತ್ತಾರೆ. ಈಗಲೂ ಸರ್ಟಿಫಿಕೇಟಿನ ಆಸೆ ಇದೆಯೇ ಎಂದರೆ ತಟ್ಟೆಯತ್ತ ತಿರುಗುತ್ತಾರೆ.

“ಕಡೇ ದಿನ ಸತ್ತವರೆಲ್ಲ ಎದ್ದು ಬರ್ತಾರಲ್ಲ, ಆಗ ಇವರೆಲ್ಲ ಸ್ವಂತ ಕಣ್ಣಲ್ಲಿ ನನ್ನ ನೋಡ್ತಾರೆ. ಮೇಷ್ಟ್ರೂ ಇರ್ತಾರೆ. ಅವತ್ತು ತಲೆ ತಗ್ಗಿಸದೆ ನಿಂತ್ಕೊಂಡ್ರೆ ಸಾಕು.”