ಮೀಸೆ ಅಜ್ಜಾರಿಗೆ ಊದಿನಕಡ್ಡಿ

ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡಿ ಬಂದು ನೋಡಿದರೆ, ನನ್ನ ಗೋಡೆಯ ಮೇಲಿನ ಪಟದಲ್ಲಿದ್ದ ಜರ್ಮನ್ ತತ್ವಜ್ಞಾನಿಯ ಹಣೆಗೆ ಮೂರು ಬೆರಳಿನ ವಿಭೂತಿ! ಪೊದೆ ಮೀಸೆಯ ಕೆಳಗೆ ಊದಿನಕಡ್ಡಿ ಹೊಗೆಯಾಡುತ್ತಿತ್ತು. ನಲ್ಲಿ ನೀರು ಬಂತೆಂದು ನನ್ನ ಕೊಡ ತುಂಬಿಸಲು ಒಳಬಂದಿದ್ದ ಲಿಂಗಸುಗೂರಿನ ಮನೆ ಒಡತಿ ಶಂಕ್ರಮ್ಮನವರ ಕೆಲಸವದು.

“ಯಾವ ಮಠದ ಅಜ್ಜಾರ್ರೀ ಸರ, ಇವರು? ಮೀಸಿ ಭಾಳ ಜೋರ ಐತಿ.”

ತಲೆ ಚಚ್ಚಿಕೊಂಡೆ. ಇವರು ಸ್ವಾಮಿಗಳಲ್ಲ, ದೇವರನ್ನೇ ನಂಬದವರು. ಮೊಣಕಾಲೂರುವುದನ್ನೇ ದೊಡ್ಡ ಗುಣವೆಂದು ಕಲಿಸಿತು, ಸ್ವರ್ಗದ ಆಸೆ ತೋರಿಸಿ ಈ ಬದುಕನ್ನು ಕೀಳು ಮಾಡಿತು ಎಂದು ಕ್ರೈಸ್ತ ಧರ್ಮವನ್ನು ಬೈದವರು ಎಂದು ಅವರಿಗೂ ಒಂದು ಪಾಠ ಮಾಡಿದೆ.

“ಅದಕ್ಕೇನಾತು? ನಮ್ಮ ಶರಣರೂ ಗುಡಿ ಬ್ಯಾಡ ಅಂದ್ರು. ಅವರಿಗೇ ಗುಡಿ ಕಟ್ಟಿಲ್ಲೇನ್ರೀ ನಾವು? ಇವರಿಗೊಂದು ಕಡ್ಡಿ ಹಚ್ಚಿದ್ರ ನಿಮ್ಮ ಗಂಟೇನು ಹೋಗತೈತಿ?”

ಅಂದಿನಿಂದ ದಿನವೂ ವಿಭೂತಿ, ಊದಿನಕಡ್ಡಿ ತಪ್ಪಲಿಲ್ಲ. ಕಳೆದ ವಾರ ಅವರು ಮಗಳ ಮನೆಗೆಂದು ಪಾಮನಕಲ್ಲೂರಿಗೆ ಹೋದರು. ಎರಡು ದಿನ ತತ್ವಜ್ಞಾನಿಯ ಹಣೆ ಖಾಲಿ. ಮೂರನೆಯ ದಿನ ಪಾಠಕ್ಕೆ ಹೊರಟವನಿಗೆ ಏನೋ ಕಸಿವಿಸಿ. ಬಾಗಿಲು ಮುಂದೆ ಮಾಡಿ, ಕಿಟಕಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ನಾನೇ ಒಂದು ಊದಿನಕಡ್ಡಿ ಹಚ್ಚಿದೆ. ಅಜ್ಜಾರು ಮೀಸೆಯೊಳಗೇ ನಕ್ಕರೇನೋ, ಕಾಣಲಿಲ್ಲ.