ಗೋಧಿಯಿಲ್ಲದ ಮನೆ

ಬೆಳಿಗ್ಗೆ ಕೋಟೆಯ ಹತ್ತಿರ ಹೂವು ತರಲು ಹೋದಾಗ ಯಾರದೋ ಅಡುಗೆಮನೆಯಿಂದ ತುಪ್ಪದಲ್ಲಿ ರವೆ ಹುರಿಯುವ ವಾಸನೆ ಬಂತು. ನೀವಾಗಿದ್ದರೆ ಇನ್ನೊಮ್ಮೆ ಉಸಿರೆಳೆದುಕೊಂಡು ಮುಂದೆ ಹೋಗುತ್ತಿದ್ದಿರಿ. ನಾನು ಹೂವಿನ ಪೊಟ್ಟಣ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಯಾರನ್ನು ಹುಡುಕುತ್ತಿದ್ದೀರಿ ಎಂದು ಎದುರು ಮನೆಯವರು ಕೇಳಿದರು. ಕೇಸರಿಬಾತನ್ನು ಎನ್ನಲಾಗಲಿಲ್ಲ.

ನನಗೆ ಸೀಲಿಯಾಕ್ ಎಂಬ ಕಾಯಿಲೆ. ಗೋಧಿಯ ಅಂಶ ಒಳಗೆ ಹೋದರೆ ಸಾಕು, ನನ್ನನ್ನು ಕಾಯಬೇಕಾದ ಶಕ್ತಿಯೇ ನನ್ನ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಜೀವನಪೂರ್ತಿ ಗೋಧಿ ಬಿಡುವುದೊಂದೇ ಮದ್ದು ಎಂದು ಡಾಕ್ಟರು ಹೇಳಿದಾಗ, ಅನ್ನ ತಿನ್ನುವ ಊರಿನವನಿಗೆ ಇದೇನು ಮಹಾ ಎಂದುಕೊಂಡೆ. ಆಮೇಲೆ ನೋಡಿದರೆ ರವೆ ಗೋಧಿ, ಮೈದಾ ಗೋಧಿ, ಶಾವಿಗೆ ಗೋಧಿ. ಕೊನೆಗೆ ಸಾರಿನ ಇಂಗಿನ ಡಬ್ಬಿಯ ಹಿಂದೆಯೂ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು. ಕನ್ನಡಕ ಹಾಕಿಕೊಂಡು ಊಟ ಮಾಡುವವನಾದೆ. ಮದುವೆಮನೆಗಳಲ್ಲಿ ಅಕ್ಕಿರೊಟ್ಟಿಯ ಡಬ್ಬಿ ಬಿಚ್ಚಿ, ಪಕ್ಕದವರಿಗೆ ಕರುಳಿನ ರಚನೆ ವಿವರಿಸತೊಡಗಿದೆ. ಅವರು ಎದ್ದು ಬೇರೆ ಪಂಕ್ತಿಗೆ ಹೋಗುತ್ತಿದ್ದರು. "ಚಿರೋಟಿ ರವೆ ತಿನ್ಬಹುದಲ್ಲ ಮಾರಾಯ, ಅದು ಸಣ್ಣದು" ಎಂದವರೂ ಇದ್ದಾರೆ.

ಈ ಪಥ್ಯದಿಂದ ನನಗೆ ತಪ್ಪಿಹೋದ ಮನೆಯೆಂದರೆ ಭದ್ರಾವತಿ ನ್ಯೂ ಟೌನಿನ ಚಿಕ್ಕಮ್ಮನದು. ಅಮ್ಮನ ತಂಗಿ ಅವಳು. ಅಮ್ಮ ಹೋದ ಮೇಲೆ ನನ್ನನ್ನು ನೋಡಿ 'ಸೊರಗಿದೀಯ' ಎನ್ನುವ ಹಕ್ಕು ಅವಳೊಬ್ಬಳಿಗೇ ಉಳಿದಿತ್ತು. ಒಮ್ಮೆ ಎಲ್ಲವನ್ನೂ ಎಚ್ಚರದಿಂದ ಅಕ್ಕಿಯಲ್ಲೇ ಮಾಡಿ ಬಡಿಸಿ, ಮಜ್ಜಿಗೆಗೆ ಮಾತ್ರ ಇಂಗಿನ ಒಗ್ಗರಣೆ ಕೊಟ್ಟಳು. ನಾನು ನಾಲ್ಕು ದಿನ ಮಲಗಿದೆ. ಅವಳು ಫೋನಿನಲ್ಲಿ ಅತ್ತಳು. ಅಂದಿನಿಂದ ಅವಳು ಕರೆದಾಗಲೆಲ್ಲ ನನಗೆ ಏನಾದರೊಂದು ಕೆಲಸ ಬರುತ್ತಿತ್ತು. ಹೋಗಲೇಬೇಕಾದರೆ ಮೊದಲೇ ಫೋನ್ ಮಾಡಿ, ಊಟ ಆಗಿದೆ ಎಂದು ಹೇಳಿ, ಅರ್ಧ ಗಂಟೆ ಕುರ್ಚಿಯ ತುದಿಯಲ್ಲಿ ಕೂತು ಬರುತ್ತಿದ್ದೆ.

ಹೋದ ವರ್ಷ ಅವಳ ಫೋನ್ ಬಂತು.

"ನಿನ್ನ ಹೊಟ್ಟೆ ಸರಿಹೋದ್ರೆ ಸತ್ಯನಾರಾಯಣ ಪೂಜೆ ಮಾಡಿಸ್ತೀನಿ ಅಂತ ಹರಕೆ ಹೊತ್ಕೊಂಡಿದ್ದೆ ಕಣೋ. ಈಗ ಮೈ ತುಂಬ್ಕೊಂಡಿದೀಯಂತೆ. ಹುಣ್ಣಿಮೆಗೆ ಬಾ, ಪ್ರಸಾದ ತಗೊಂಡು ಹೋಗು."

ಸಂತೋಷದಿಂದ ಹೂಂ ಎಂದೆ. ಫೋನ್ ಇಟ್ಟ ಮೇಲೆ ನೆನಪಾಯಿತು. ಆ ಪೂಜೆಯ ಪ್ರಸಾದ ಸಜ್ಜಿಗೆ. ರವೆ, ತುಪ್ಪ, ಸಕ್ಕರೆ, ಹಾಲು, ಬಾಳೆಹಣ್ಣು ಸಮಸಮ ಬೆರೆಸಿದ್ದು. ಪ್ರಸಾದ ಬಿಟ್ಟು ಹೋದವರ ಗತಿ ಏನಾಗುತ್ತದೆ ಎಂದು ಅದೇ ದಿನ ಓದುವ ಕಥೆಯಲ್ಲೇ ಹೆದರಿಸಿರುತ್ತಾರೆ. ತಿಂದರೆ ಯಾವ ಆರೋಗ್ಯಕ್ಕಾಗಿ ಹರಕೆಯೋ ಅದೇ ಹೋಗುತ್ತದೆ. ತಿನ್ನದಿದ್ದರೆ ಹರಕೆ ಕೆಟ್ಟಿತೆಂದು ಚಿಕ್ಕಮ್ಮ ಕೊರಗುತ್ತಾಳೆ. ಒಂದು ವಾರ ಯೋಚಿಸಿ, ಪ್ರಸಾದವನ್ನು ಬಾಯಿಯ ತನಕ ತಂದು ಕರವಸ್ತ್ರಕ್ಕೆ ಇಳಿಸುವ ಕೈಚಳಕವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಐವತ್ತು ದಾಟಿದವನು ಮಾಡುವ ಕೆಲಸವಲ್ಲ, ಒಪ್ಪುತ್ತೇನೆ.

ಹುಣ್ಣಿಮೆಯ ದಿನ ಹೋದರೆ, ಪಕ್ಕದ ಮನೆಯ ಹೆಂಗಸು ಎರಡು ಕೈಯಲ್ಲೂ ಡಬ್ಬಿ ಹಿಡಿದು ಚಿಕ್ಕಮ್ಮನ ಗೇಟಿನಿಂದ ಹೊರಗೆ ಬರುತ್ತಿದ್ದರು. ಒಳಗೆ ಪೂಜೆಯ ಭಟ್ಟರು ಮಂಟಪಕ್ಕೆ ಬಾಳೆಕಂದು ಕಟ್ಟುತ್ತ ನಗುತ್ತಿದ್ದರು.

"ಗೋಧಿ ಸಿಗದೆ ಇದ್ರೆ ಅಕ್ಕಿಯಲ್ಲೂ ಪ್ರಸಾದ ಮಾಡ್ಬಹುದು, ಅದಕ್ಕೆ ಅವಕಾಶ ಇದೆ ಅಂದೆ ಅಷ್ಟೆ. ನಿಮ್ಮ ಚಿಕ್ಕಮ್ಮ ಮನೆ ಖಾಲಿ ಮಾಡ್ತಿದಾರೆ."

"ಮತ್ತಿನ್ನೇನು?" ಚಿಕ್ಕಮ್ಮ ಅಡುಗೆಮನೆಯಿಂದಲೇ ಹೇಳಿದಳು. "ಡಬ್ಬಿ ತುಂಬ ಗೋಧಿ ಇಟ್ಕೊಂಡು, ಸಿಗ್ಲಿಲ್ಲ ಅಂತ ದೇವರಿಗೆ ಸುಳ್ಳು ಹೇಳ್ಲಾ?"

ಹಿಟ್ಟು, ರವೆ, ಶಾವಿಗೆ, ಇಂಗು ಎಲ್ಲವೂ ಹೋಗಿದ್ದವು. ಕಾರ್ಖಾನೆಯಿಂದ ನಿವೃತ್ತರಾದ ಚಿಕ್ಕಪ್ಪ, ದಿನಾ ಕಾಫಿಗೆ ಅದ್ದುವ ರಸ್ಕಿನ ಪೊಟ್ಟಣವನ್ನು ಪಂಚೆಯ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದರು. ಅದನ್ನೂ ಕಿತ್ತುಕೊಂಡಳು.

"ಅಂಗಡೀಲಿ ಸಿಗತ್ತಲ್ಲ ಕಣೇ?" ಎಂದರು ಚಿಕ್ಕಪ್ಪ, ಆಸೆ ಬಿಡದೆ.

"ನಾನಂತೂ ಅಂಗಡಿಗೆ ಹೋಗಿಲ್ಲ. ದೇವರಿಗೆ ಬೇಕಿದ್ರೆ ಹೋಗಿ ತರ್ಲಿ."

ಅಕ್ಕಿತರಿಯ ಆ ಸಜ್ಜಿಗೆ, ನಿಜ ಹೇಳಬೇಕೆಂದರೆ, ಗಂಟುಗಂಟಾಗಿತ್ತು. ಚಿಕ್ಕಮ್ಮ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ನಾನು ನುಂಗಿ, ಇನ್ನಷ್ಟು ಹಾಕು ಎಂದು ಕೈಯೊಡ್ಡಿದೆ. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಏನನ್ನೂ ಓದದೆ, ಏನನ್ನೂ ಕೇಳದೆ ತಿಂದೆ.

ಮಾರನೆಯ ದಿನವೇ ಗೋಧಿ ಮನೆಗೆ ವಾಪಸು ಬಂದಿರುತ್ತದೆ ಎಂದುಕೊಂಡೆ. ಆಮೇಲೂ ಎರಡು ಮೂರು ಸಲ ಫೋನ್ ಮಾಡಿಯೇ ಹೋಗಿದ್ದೆ; ಅಡುಗೆಮನೆಯ ಕಡೆ ತಲೆ ಹಾಕಿರಲಿಲ್ಲ. ಹೋದ ತಿಂಗಳು ಹೋದ ದಿನ ಏಕಾದಶಿ. ಅವತ್ತು ಅನ್ನ ಬಿಟ್ಟು ಚಪಾತಿ ತಿನ್ನುವುದು ಚಿಕ್ಕಮ್ಮನ ಪದ್ಧತಿ. ನೋಡಿದರೆ ಒಂದು ಬಾಳೆಹಣ್ಣು ಸುಲಿದುಕೊಳ್ಳುತ್ತ ಕೂತಿದ್ದಳು. ಚಪಾತಿ ಎಲ್ಲಿ ಎಂದೆ. ಪೂಜೆಯ ದಿನ ಹೋದ ಗೋಧಿ ಮತ್ತೆ ಆ ಮನೆಗೆ ಬಂದೇ ಇರಲಿಲ್ಲ. ಚಿಕ್ಕಪ್ಪ ಕಾಫಿಯಲ್ಲಿ ಮುಳುಗಿದ ಅವಲಕ್ಕಿಯನ್ನು ಚಮಚದಿಂದ ಹುಡುಕುತ್ತಿದ್ದರು.

"ನನ್ನಿಂದ ನಿಮಗೂ ಪಥ್ಯ ಆಯ್ತಲ್ಲ" ಎಂದೆ.

"ಪಥ್ಯ ಏನ್ಬಂತು ಮಾರಾಯ. ಇಷ್ಟು ವರ್ಷ ಉಪವಾಸ ಅಂತ ಹೇಳ್ಕೊಂಡು ಐದು ಚಪಾತಿ ತಿಂತಿದ್ದೆ. ಈಗ ನಿಜವಾಗ್ಲೂ ಉಪವಾಸ ಆಗ್ತಿದೆ." ಆಮೇಲೆ ಕೈಯಲ್ಲಿದ್ದ ಸಿಪ್ಪೆಯನ್ನು ನೋಡುತ್ತ ಹೇಳಿದಳು: "ನೀನು ಈಗೀಗ ಫೋನ್ ಮಾಡ್ಕೊಂಡೇ ಬರ್ತೀಯ, ದೂರದ ನೆಂಟರ ಥರ. ಮೊದ್ಲು ಹಾಗೇ ಬರ್ತಿದ್ದೆ."

ಪಥ್ಯದಲ್ಲಿರುವವನು ನಾನೊಬ್ಬನೇ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಭದ್ರಾವತಿಯಲ್ಲಿ ಇಬ್ಬರು ವಯಸ್ಸಾದವರು ಯಾರಿಗೂ ಹೇಳದೆ ಅದನ್ನೇ ಮಾಡುತ್ತಿದ್ದರು, ನಾನು ಯಾವ ದಿನ ಬೇಕಾದರೂ ಬಂದುಬಿಡಬಹುದೆಂದು. ನನಗೆ ನಾಚಿಕೆಯಾಯಿತು.

ಈಗ ಭದ್ರಾವತಿಯ ಬಸ್ಸಿನಲ್ಲಿ ಕೂತು ನಿಮಗೆ ಇದನ್ನೆಲ್ಲ ಹೇಳುತ್ತಿದ್ದೇನೆ. ಕಂಡಕ್ಟರು ಟಿಕೆಟ್ ಕೊಟ್ಟು ಹೋದರು. ಹೊಟ್ಟೆ ಚೆನ್ನಾಗಿ ಹಸಿದಿದೆ. ಚಿಕ್ಕಮ್ಮನಿಗೆ ಫೋನ್ ಮಾಡಿಲ್ಲ.