ಖಂಡೇನವಮಿಯ ಕುಂಕುಮ

ಸ್ವಾರಗೇಟ ಬಸ್ ನಿಲ್ದಾಣದ ಹತ್ತಿರದ ನಮ್ಮ ಬಿಲ್ಡಿಂಗಿನ ಕೆಳಮನೆಯಲ್ಲಿ ಧಾರವಾಡದ ಟೀಚರೊಬ್ಬರು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ನಾನೂ ಅಲ್ಲೇ ಟೈಪಿಂಗ್ ಕಲಿತವಳು. ಗುಂಡಿ ಒತ್ತಿದ ಮೇಲೆ ಪರದೆ ಬೆಳಗುವವರೆಗೂ ಅವರು ಸೆರಗಿನಿಂದ ಕೀಬೋರ್ಡಿನ ಧೂಳು ಒರೆಸುತ್ತ, "ಅವಸರ ಬ್ಯಾಡ್ರಿ, ಅದೂ ಎದ್ದು ಮೈ ಮುರೀಲಿ" ಎನ್ನುತ್ತಿದ್ದರು.

ಎಲ್ಲರ ಕೈಗೂ ಮೊಬೈಲು ಬಂದಮೇಲೆ ಕಂಪ್ಯೂಟರ್ ಕಲಿಯಲು ಯಾರೂ ಬರದಾದರು. ಟೀಚರು ಒಂದನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಮಾರಿದರು. ಕ್ಲಾಸು ಮುಚ್ಚಿತೆಂದೇ ನಾವು ತಿಳಿದಿದ್ದೆವು. ಅವರು ನೋಡಿದರೆ ಅದೇ ಕೋಣೆಯಲ್ಲಿ ಚಾಪೆ ಹಾಸಿ ಬಿಲ್ಡಿಂಗಿನ ಅಜ್ಜಿಯರಿಗೆ ಮೊಬೈಲ್ ಬಳಸುವುದನ್ನು ಹೇಳಿಕೊಡತೊಡಗಿದರು.

ಆ ವರ್ಷದ ಖಂಡೇನವಮಿಗೆ ಅಜ್ಜಿಯರು ತಮ್ಮ ಮೊಬೈಲುಗಳನ್ನು ಆಯುಧಪೂಜೆಗೆಂದು ಕಂಪ್ಯೂಟರಿನ ಮುಂದೆ ಸಾಲಾಗಿ ಇಟ್ಟರು. ಟೀಚರು ಮೊದಲನೆಯದರ ಪರದೆಗೆ ಬೆರಳಿನಿಂದ ಕುಂಕುಮ ಹಚ್ಚಿದ್ದೇ ತಡ, ಅದರ ಒಡತಿ ಅಜ್ಜಿಯ ಸೊಸೆಗೆ ಕರೆ ಹೋಯಿತು. "ಏನಾತ್ರೀ ಅತ್ತಿ, ಆರಾಮ ಇದ್ದೀರಿಲ್ಲೋ?" ಎಂದು ಆಕೆ ಗಾಬರಿಯಿಂದ ಕೇಳಿದಳು.

ನಕ್ಕು ನಕ್ಕು ಸುಸ್ತಾದೆವು. ಟೀಚರು ಉಳಿದ ಮೊಬೈಲುಗಳನ್ನು ಮಗುಚಿ ಬೆನ್ನಿಗೆ ಕುಂಕುಮ ಹಚ್ಚಿದರು. ಕೊನೆಗೆ ಹಳೆಯ ಕಂಪ್ಯೂಟರಿನ ಹಣೆಗೆ ದೊಡ್ಡದಾಗಿ ಇಟ್ಟು, "ಇದು ಭಾಳ ಶಾಣ್ಯಾ ನೋಡ್ರಿ. ಹಚ್ಚಿಸಿಕೊಂಡು ಸುಮ್ಮನ ಕೂಡತದ" ಎಂದರು.